ಸಿಗರೇಟು ಬಿಟ್ಟ ಕೈಗೆ ಏನು ಕೊಡೋಣ? ನಿಕೋಟಿನ್ ಇಲ್ಲದ ಪರಿಮಳದ ಇನ್‌ಹೇಲರ್ ಆರಿಸುವ ಬಗೆ

ಸಿಗರೇಟು ಬಿಟ್ಟು ಮೂರನೇ ದಿನ. ಫೋನಿನಲ್ಲಿ ಮಾತು ಮುಗಿಸಿ ಮೊಬೈಲನ್ನು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಬಲಗೈ ತಾನಾಗಿಯೇ ಅಂಗಿಯ ಜೇಬಿಗೆ ಹೋಗಿತ್ತು. ಜೇಬು ಖಾಲಿ. ಎರಡು ಬೆರಳುಗಳು ಸುಮ್ನೆ ಜೇಬಿನ ತಳವನ್ನು ತಡಕುತ್ತಿದ್ದವು. ಅಲ್ಲಿಯವರೆಗೆ ಸೇದಬೇಕು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಆಸೆ ಹುಟ್ಟಿದ್ದು ಜೇಬು ಖಾಲಿ ಅಂತ ಬೆರಳಿಗೆ ಗೊತ್ತಾದ ಮೇಲೆ.

ಮೊದಲು ಕೈ, ಆಮೇಲೆ ಆಸೆ. ಸಿಗರೇಟು ಅಥವಾ ವೇಪ್ (ಇ-ಸಿಗರೇಟು) ಬಿಡಲು ಹೊರಟವರಿಗೆ ಮಾರುವ ಪರಿಮಳದ ಇನ್‌ಹೇಲರ್‌ಗಳು, ಅಂದರೆ ಬರೀ ಪರಿಮಳ ಎಳೆದುಕೊಳ್ಳುವ ಕೊಳವೆಗಳು, ಕೆಲಸಕ್ಕೆ ಬರುವುದು ಈ ಕೈಯ ವಿಷಯದಲ್ಲಿ. ಅದನ್ನು ತಿಳಿದುಕೊಂಡರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಟ್ಟಲೇಬಾರದು, ಅದರಿಂದ ಎಷ್ಟು ನಿರೀಕ್ಷಿಸಬೇಕು ಅನ್ನುವುದೆಲ್ಲ ಸ್ಪಷ್ಟವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಸಿಗರೇಟಿಗೆ ಸುಮಾರು 10 ದಮ್ಮು. ದಿನಕ್ಕೆ 20 ಸಿಗರೇಟು ಸೇದುವವರ ಕೈ ದಿನಕ್ಕೆ 200 ಸಲ ಬಾಯಿಗೆ ಹೋಗುತ್ತದೆ. ವರ್ಷಕ್ಕೆ 73,000 ಸಲ. ಹತ್ತು ವರ್ಷ ಸೇದಿದವರು ಏಳು ಲಕ್ಷಕ್ಕಿಂತ ಜಾಸ್ತಿ ಸಲ ಒಂದೇ ಕೆಲಸ ಮಾಡಿರುತ್ತಾರೆ. ಯಾವ ವಿದ್ಯೆಯನ್ನೂ ನಾವು ಇಷ್ಟು ಅಭ್ಯಾಸ ಮಾಡಿರುವುದಿಲ್ಲ. ಇದು ಒಂದೇ ದಿನದಲ್ಲಿ ಮರೆತುಹೋಗಲಿ ಅಂದರೆ ಹೇಗೆ ಹೋದೀತು?

ಎರಡು ಗಂಟು, ಎರಡು ಬಗೆಯ ಬಿಡಿಸುವಿಕೆ

ಸೇದುವ ಚಟದಲ್ಲಿ ಎರಡು ಗಂಟುಗಳಿವೆ. ಒಂದು ನಿಕೋಟಿನ್‌ನದು. ಇನ್ನೊಂದು ಕೈ, ಬಾಯಿ, ಉಸಿರಿನದು.

ಎಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಆಮೇಲೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಹಾಗೆ ಇಳಿದಾಗ ಸಿಡುಕು, ಚಡಪಡಿಕೆ, ಮನಸ್ಸು ನಿಲ್ಲದಿರುವುದು, ನಿದ್ದೆ ಕೆಡುವುದು ಎಲ್ಲಾ ಶುರು. ಬಿಟ್ಟ ಮೊದಲ ಎರಡು ಮೂರು ದಿನ ಇದು ಜೋರಾಗಿರುತ್ತದೆ, ನಂತರದ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ.

ಈ ಮೊದಲ ಗಂಟನ್ನು ಪರಿಮಳದ ಇನ್‌ಹೇಲರ್ ಬಿಚ್ಚುವುದಿಲ್ಲ. ಇದನ್ನು ನೇರವಾಗಿಯೇ ಹೇಳಬೇಕು, ಯಾಕೆಂದರೆ ಬಹಳ ಜನ ಇದೊಂದನ್ನೇ ನಂಬಿಕೊಂಡು ಬಿಡಲು ಹೋಗಿ, ಎರಡನೇ ದಿನ ಸೋತು, "ನನ್ನ ಕೈಲಿ ಆಗಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಅವರ ಕೈಗೆ ಸಿಕ್ಕಿದ್ದು ಅರ್ಧ ಸಾಮಾನು.

ನಿಮ್ಮ ನಿಕೋಟಿನ್ ಗಂಟು ಎಷ್ಟು ಬಿಗಿ ಅಂತ ತಿಳಿಯಲು ವೈದ್ಯರು ಮೊದಲು ಕೇಳುವ ಪ್ರಶ್ನೆ ತುಂಬ ಸರಳ: ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನುವವರ ಗಂಟು ಬಿಗಿಯಾಗಿದೆ ಅಂತ ಅರ್ಥ. ಐದು ನಿಮಿಷದೊಳಗೆ ಅಂದರೆ ಬಹಳ ಬಿಗಿ. ಅಂಥವರು ಬರೀ ಪರಿಮಳದ ಮೇಲೆ ಭಾರ ಹಾಕಬಾರದು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ವಯಸ್ಕರು ತಂಬಾಕು ಬಿಡುವುದಕ್ಕೆ ಚಿಕಿತ್ಸಾ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಶಿಫಾರಸು ಮಾಡಿದ ಔಷಧಗಳು ಇವು: ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ಗಮ್‌ನಂಥವು, ಮತ್ತೆ ವ್ಯಾರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್ ಅನ್ನುವ ಮಾತ್ರೆಗಳು. ಜೊತೆಗೆ ಸಲಹೆಗಾರರ ಬೆಂಬಲವೂ ಬೇಕು ಅಂತ ಅದು ಹೇಳುತ್ತದೆ. ತೋಳಿಗೆ ಪ್ಯಾಚ್, ಕೈಗೆ ಪರಿಮಳದ ಇನ್‌ಹೇಲರ್. ಈ ಜೋಡಿಯಲ್ಲಿ ತಪ್ಪೇನೂ ಇಲ್ಲ. ಒಂದೊಂದು ಒಂದೊಂದು ಗಂಟಿನ ಕೆಲಸ ನೋಡಿಕೊಳ್ಳುತ್ತದೆ.

ಇಲ್ಲೊಂದು ಹೆಸರಿನ ಗೊಂದಲವಿದೆ. "ನಿಕೋಟಿನ್ ಇನ್‌ಹೇಲರ್" ಅನ್ನುವ ಔಷಧವೂ ಉಂಟು. ಅದರ ಒಂದು ಬಗೆಯ ಕಾರ್ಟ್ರಿಜ್‌ನಲ್ಲಿ (ಒಳಗೆ ಹಾಕುವ ಔಷಧದ ಕೊಳವೆ) 10 ಮಿಲಿಗ್ರಾಂ ನಿಕೋಟಿನ್ ಇರುತ್ತದೆ, ಎಳೆದಾಗ ಸುಮಾರು 4 ಮಿಲಿಗ್ರಾಂ ಹೊರಬರುತ್ತದೆ, ದೇಹ ಅದನ್ನು ಹೀರಿಕೊಳ್ಳುವುದು ಹೆಚ್ಚಾಗಿ ಬಾಯಿಯ ಒಳಪದರದಲ್ಲಿ. ನೋಡಲು ಪರಿಮಳದ ಇನ್‌ಹೇಲರ್‌ನ ಅಣ್ಣನಂತೆಯೇ ಇರುತ್ತದೆ. ಕೆಲಸ ಮಾತ್ರ ಬೇರೆ. ಕೊಳ್ಳುವಾಗ ಯಾವುದು ಕೇಳುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ಪರಿಮಳ ನಿಜವಾಗಿ ಕೆಲಸ ಮಾಡುತ್ತದೆಯೇ?

ಸ್ವಲ್ಪ ಮಟ್ಟಿಗೆ, ಸ್ವಲ್ಪ ಹೊತ್ತು. ಆದರೆ ಆ ಸ್ವಲ್ಪ ಹೊತ್ತಿಗೇ ಬೆಲೆ ಇದೆ.

1994ರಲ್ಲಿ ಅಮೆರಿಕದ ಜೆಡ್ ರೋಸ್ ಮತ್ತು ಫ್ರೆಡರಿಕ್ ಬೆಮ್ ಒಂದು ಪ್ರಯೋಗ ಮಾಡಿದರು. ರಾತ್ರಿಯಿಡೀ ಸೇದದೆ ಬಂದ 48 ಜನರನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಸಿಗರೇಟಿನಂತೆ ಎಳೆಯುವ ಒಂದು ಸಾಧನ ಕೊಟ್ಟರು. ಒಂದು ಗುಂಪಿನ ಸಾಧನದಲ್ಲಿ ಕರಿಮೆಣಸಿನ ಎಣ್ಣೆಯ ಆವಿ. ಇನ್ನೊಂದರಲ್ಲಿ ಪುದೀನ ಮತ್ತು ಮೆಂಥಾಲ್. ಮೂರನೆಯದು ಖಾಲಿ. ಮೂರು ಗಂಟೆಯ ಅವಧಿಯಲ್ಲಿ ಸಿಗರೇಟಿನ ತುಡಿತ ಕಡಿಮೆಯಾಗಿದ್ದು ಮೆಣಸಿನ ಗುಂಪಿನಲ್ಲಿ. ಮಿಕ್ಕವರಿಗಿಂತ ಅವರಿಗೆ ಎದೆಯಲ್ಲಿ ಏನೋ ತಾಗಿದ ಅನುಭವವೂ ಜಾಸ್ತಿಯಾಗಿತ್ತು. ಇದೇ ಮುಖ್ಯ ಸುಳಿವು. ಸೇದುವವರಿಗೆ ಹೊಗೆ ಗಂಟಲಿಗೆ, ಎದೆಗೆ ಬಡಿಯುವ ಆ ಕ್ಷಣವೇ "ಸಿಕ್ಕಿತು" ಅನ್ನುವ ಸಂಕೇತ. ಮೆಣಸಿನ ಖಾರ ಆ ಸಂಕೇತವನ್ನು ಕೊಂಚ ಅನುಕರಿಸುತ್ತದೆ.

2019ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೈಕೆಲ್ ಸಾಯೆಟ್ ಮತ್ತು ಸಂಗಡಿಗರು 232 ಸೇದುವವರ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ಬಗೆಯದು. ಸೇದುವ ಆಸೆ ಕೆರಳಿಸಿದ ಮೇಲೆ ಕೆಲವರಿಗೆ ಅವರಿಗೇ ಇಷ್ಟವಾದ ಪರಿಮಳ ಕೊಟ್ಟರು, ಕೆಲವರಿಗೆ ತಂಬಾಕಿನ ವಾಸನೆ, ಕೆಲವರಿಗೆ ಯಾವ ವಾಸನೆಯೂ ಇಲ್ಲ. ಇಷ್ಟದ ಪರಿಮಳ ಮೂಸಿದವರ ಆಸೆ ಹೆಚ್ಚು ಇಳಿಯಿತು. ಅಳೆದಿದ್ದು ಐದು ನಿಮಿಷ ಮಾತ್ರ. ಆದರೆ ಸೇದುವ ಆಸೆಯ ಅಲೆ ಸಾಮಾನ್ಯವಾಗಿ ಏಳುವುದೂ ಇಳಿಯುವುದೂ ಕೆಲವೇ ನಿಮಿಷಗಳಲ್ಲಿ. ಆ ಐದು ನಿಮಿಷ ದಾಟಿಸುವ ದೋಣಿ ಸಿಕ್ಕರೆ ಅದು ಸಣ್ಣ ಸಂಗತಿಯಲ್ಲ.

ಮೂರನೆಯದು ಇಟಲಿಯ ಕಟಾನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ್ದು. ಸೇದುವುದು ಬಿಡಿಸುವ ಕಾರ್ಯಕ್ರಮಕ್ಕೆ ಬಂದವರಲ್ಲಿ ಕೆಲವರಿಗೆ ನಿಕೋಟಿನ್ ಇಲ್ಲದ ಪ್ಲಾಸ್ಟಿಕ್ ಇನ್‌ಹೇಲರ್ ಕೊಟ್ಟರು. ಒಟ್ಟಾರೆ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಕೈ-ಬಾಯಿಯ ರೂಢಿ ಬಲವಾಗಿದ್ದವರನ್ನು ಮಾತ್ರ ಬೇರೆಯಾಗಿ ನೋಡಿದಾಗ, ಅವರಲ್ಲಿ ಇನ್‌ಹೇಲರ್ ಇದ್ದವರು ಹೆಚ್ಚು ಜನ ಬಿಟ್ಟಿದ್ದರು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಉಪಯುಕ್ತ ಮಾಹಿತಿ. ಈ ಸಾಧನ ಎಲ್ಲರಿಗೂ ಅಲ್ಲ. ಕೈ ಸುಮ್ಮನಿರದವರಿಗೆ.

ಇವೆಲ್ಲ ಚಿಕ್ಕ ಅಧ್ಯಯನಗಳು. ಪ್ಯಾಚ್, ಮಾತ್ರೆಗಳಿಗೆ ಇರುವಷ್ಟು ಗಟ್ಟಿ ಪುರಾವೆ ಪರಿಮಳಕ್ಕೆ ಇಲ್ಲ. ಹಾಗಾಗಿ "ಗ್ಯಾರಂಟಿಯಾಗಿ ಸಿಗರೇಟು ಬಿಡಿಸುತ್ತದೆ" ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬನ್ನಿ.

ಮೊದಲು ಕೇಳಬೇಕಾದ ಪ್ರಶ್ನೆ: ಇದು ಬಿಸಿಯಾಗುತ್ತದೆಯೇ?

ಮಾರುಕಟ್ಟೆಯಲ್ಲಿ "ಅರೋಮಾಥೆರಪಿ ಇನ್‌ಹೇಲರ್" ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಕೂತಿವೆ.

ಒಂದು ಮೂಗಿನ ಕಡ್ಡಿ. ಬೆರಳಿನ ಉದ್ದದ ಕೊಳವೆ, ಒಳಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿ. ಮುಚ್ಚಳ ತೆಗೆದು ಮೂಸುವುದು, ಅಷ್ಟೇ. ನೆಗಡಿಗೆ ಬಳಸುವ ಇನ್‌ಹೇಲರ್ ನೋಡಿದ್ದೀರಲ್ಲ, ಅದೇ ಜಾತಿ.

ಎರಡನೆಯದು ಬಾಯಿಯಲ್ಲಿ ಎಳೆಯುವ ಕೊಳವೆ. ಮರ, ಲೋಹ ಅಥವಾ ಪ್ಲಾಸ್ಟಿಕ್‌ನದು. ಒಳಗೆ ಪರಿಮಳ ಹೀರಿಕೊಂಡ ಬತ್ತಿ ಇರುತ್ತದೆ. ನೀವು ಎಳೆದಾಗ ಗಾಳಿ ಬತ್ತಿಯನ್ನು ಸವರಿಕೊಂಡು ಬರುತ್ತದೆ. ಬ್ಯಾಟರಿ ಇಲ್ಲ, ಬಿಸಿ ಇಲ್ಲ, ಹೊಗೆಯೂ ಇಲ್ಲ.

ಮೂರನೆಯದು "ಡಿಫ್ಯೂಸರ್ ಪೆನ್", "ವೆಲ್‌ನೆಸ್ ಪೆನ್", "ವಿಟಮಿನ್ ಪೆನ್" ಅನ್ನುವ ಹೆಸರಿನದು. ಒಳಗೆ ಬ್ಯಾಟರಿ, ಬಿಸಿಯಾಗುವ ಸುರುಳಿ ತಂತಿ, ದ್ರವ. ಎಳೆದರೆ ಮೋಡದಂತೆ ಆವಿ ಬರುತ್ತದೆ. ಪೆಟ್ಟಿಗೆಯ ಮೇಲೆ ಲ್ಯಾವೆಂಡರ್ ಹೂವಿನ ಚಿತ್ರ ಇರಬಹುದು. ಇದು ನಿಕೋಟಿನ್ ತೆಗೆದ ವೇಪ್. ಹೆಸರು ಬದಲಾಗಿದೆ, ವಸ್ತು ಬದಲಾಗಿಲ್ಲ.

ಮೂರನೆಯದನ್ನು ಕೊಳ್ಳಬೇಡಿ. ಸಿಗರೇಟು ಬಿಡುವವರು ಕೊಳ್ಳಬೇಡಿ, ವೇಪ್ ಬಿಡುವವರಂತೂ ಖಂಡಿತ ಬೇಡ. ಕಾರಣ ಹೇಳುತ್ತೇನೆ.

ಆ ದ್ರವದಲ್ಲಿ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಮತ್ತು ಸುವಾಸನೆಯ ರಾಸಾಯನಿಕಗಳು ಇರುತ್ತವೆ. ಇವು ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಕೆಟ್ಟ ಪದಾರ್ಥಗಳು ಹುಟ್ಟಬಹುದು. ತಂತಿಯಿಂದ ಲೋಹದ ಅಂಶವೂ ಆವಿಗೆ ಸೇರಬಹುದು. "ಆದರೆ ಇದು ತಿನ್ನುವ ಪದಾರ್ಥಕ್ಕೆ ಹಾಕುವ ಫ್ಲೇವರ್, ಫುಡ್ ಗ್ರೇಡ್" ಅಂತ ಮಾರುವವರು ಹೇಳುತ್ತಾರೆ. ಹೊಟ್ಟೆಗೆ ಒಗ್ಗಿದ್ದು ಶ್ವಾಸಕೋಶಕ್ಕೆ ಒಗ್ಗಬೇಕು ಅಂತೇನಿಲ್ಲ. ಇದಕ್ಕೆ ಎರಡು ಪಾಠಗಳು ಕಣ್ಣ ಮುಂದಿವೆ. ಬೆಣ್ಣೆಯ ರುಚಿ ಕೊಡುವ ಡೈಅಸಿಟೈಲ್ ತಿಂದರೆ ತೊಂದರೆ ಕೊಡುವಂಥದ್ದಲ್ಲ. ಅದರ ಆವಿಯನ್ನು ದಿನವೂ ಉಸಿರಾಡಿದ ಪಾಪ್‌ಕಾರ್ನ್ ಕಾರ್ಖಾನೆಯ ಕಾರ್ಮಿಕರಲ್ಲಿ ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ 2000ದ ಹೊತ್ತಿಗೆ ಅಮೆರಿಕದ ಮಿಸೌರಿಯಲ್ಲಿ ಪತ್ತೆಯಾಯಿತು. ಇನ್ನೊಂದು 2019ರದು. ವಿಟಮಿನ್ ಇ ಅಸಿಟೇಟ್ ಮಾತ್ರೆಯಲ್ಲೂ ಇರುತ್ತದೆ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುತ್ತದೆ. ಅದನ್ನು ಬೆರೆಸಿದ್ದ ವೇಪ್‌ಗಳು, ಮುಖ್ಯವಾಗಿ ಗಾಂಜಾದ ಅಂಶವಿದ್ದವು, ಅಮೆರಿಕದಲ್ಲಿ ಜನರ ಶ್ವಾಸಕೋಶವನ್ನೇ ಕೆಡಿಸಿದವು. ವೇಪಿಂಗ್‌ಗೆ ಸಂಬಂಧಿಸಿದ ಆ ಕಾಯಿಲೆಯಲ್ಲಿ 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು ದಾಖಲಾಗಿದ್ದವು, 68 ಜನ ಸತ್ತಿದ್ದರು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿಕೊಂಡು ಮಾರುವ ವಿಟಮಿನ್, ಎಸೆನ್ಶಿಯಲ್ ಆಯಿಲ್ (ಗಿಡದ ಸುಗಂಧ ತೈಲ) ವೇಪ್‌ಗಳನ್ನು ನಂಬಬೇಡಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಅದೂ ಅಲ್ಲದೆ "ನಿಕೋಟಿನ್ ಇಲ್ಲ" ಅಂತ ಬರೆದ ವೇಪ್ ದ್ರವಗಳನ್ನು ಪರೀಕ್ಷಿಸಿದಾಗ ಕೆಲವುಗಳಲ್ಲಿ ನಿಕೋಟಿನ್ ಸಿಕ್ಕಿದ್ದು ಒಂದೆರಡು ಸಲವಲ್ಲ. ಬಿಡಬೇಕು ಅಂತ ಕಷ್ಟಪಡುತ್ತಿರುವವರಿಗೆ ಇದಕ್ಕಿಂತ ದೊಡ್ಡ ಮೋಸ ಯಾವುದು?

ಗುರುತು ಹಿಡಿಯುವುದು ಸುಲಭ. ಚಾರ್ಜ್ ಮಾಡುವ ತೂತು ಇದೆಯೇ? ಎಳೆದಾಗ ತುದಿಯಲ್ಲಿ ದೀಪ ಹೊತ್ತುತ್ತದೆಯೇ? ಉಸಿರು ಬಿಟ್ಟಾಗ ಬಾಯಿಂದ ಮೋಡ ಬರುತ್ತದೆಯೇ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಅದು ಈ ಲೇಖನದ ವಸ್ತುವಲ್ಲ.

ಬಿಸಿಯಿಲ್ಲದ ಕೊಳವೆಯಲ್ಲೂ ಒಂದು ಎಚ್ಚರ ಬೇಕು. ನಮಗೆ ಬೇಕಾಗಿರುವುದು ಬತ್ತಿಯಿಂದ ತಾನಾಗಿ ಹಾರುವ ಪರಿಮಳ. ಎಣ್ಣೆಯ ಹನಿ ಅಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಹೊಸ ಇನ್‌ಹೇಲರ್ ತಂದಾಗ ಒಂದು ಪರೀಕ್ಷೆ ಮಾಡಿ. ಬಾಯಿಯ ತುದಿಗೆ ಬಿಳಿ ಟಿಶ್ಯೂ ಕಾಗದದ ಒಂದು ಪದರ ಸುತ್ತಿ ಏಳೆಂಟು ಸಲ ಎಳೆಯಿರಿ. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಎಣ್ಣೆ ಜಿಡ್ಡಿನ ಕಲೆ ಪಾರದರ್ಶಕವಾಗಿ ಕಂಡರೆ ಬತ್ತಿ ಸೋರುತ್ತಿದೆ ಅಂತ ಅರ್ಥ. ಹಿಂದಿರುಗಿಸಿ. ಬತ್ತಿಗೆ ಮನೆಯಲ್ಲೇ ಎಣ್ಣೆ ಹಾಕುವವರು ಹನಿ ಲೆಕ್ಕದಲ್ಲಿ ಹಾಕಿ, ರಾತ್ರಿಯಿಡೀ ಹೀರಿಕೊಳ್ಳಲು ಬಿಟ್ಟು, ಇದೇ ಪರೀಕ್ಷೆ ಮಾಡಿ ಬಳಸಿ.

ಮೂಗಿನದೋ, ಬಾಯಿಯದೋ?

ದುಡ್ಡು ಕೊಡುವ ಮೊದಲು ಒಂದು ಸ್ಟ್ರಾ ತೆಗೆದುಕೊಳ್ಳಿ. ಸಿಗರೇಟಿನಷ್ಟು ಉದ್ದಕ್ಕೆ, ಅಂದರೆ ಸುಮಾರು 8 ಸೆಂಟಿಮೀಟರಿಗೆ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಎರಡು ದಿನ, ಆಸೆ ಬಂದಾಗಲೆಲ್ಲ ಅದರಿಂದ ಬರೀ ಗಾಳಿ ಎಳೆಯಿರಿ. ಕಾಲುಭಾಗವಾದರೂ ಸಮಾಧಾನ ಸಿಕ್ಕಿದರೆ ನಿಮ್ಮದು ಕೈ-ಬಾಯಿಯ ಗಂಟು. ಬಾಯಿಯಲ್ಲಿ ಎಳೆಯುವ ಕೊಳವೆ ನಿಮಗೆ ಹೊಂದುತ್ತದೆ. ಏನೂ ಅನ್ನಿಸಲಿಲ್ಲ, ಸಿಟ್ಟು ಮಾತ್ರ ಬಂತು ಅಂದರೆ ನಿಮ್ಮ ತೊಂದರೆ ಹೆಚ್ಚಾಗಿ ನಿಕೋಟಿನ್‌ನದು. ಮೊದಲು ವೈದ್ಯರ ಹತ್ತಿರ ಹೋಗಿ, ಇನ್‌ಹೇಲರ್ ಆಮೇಲೆ ನೋಡೋಣ.

ಕೆಲವರಿಗೆ ಇದಕ್ಕೆ ವಿರುದ್ಧವಾದ ತೊಂದರೆ. ಬಾಯಲ್ಲಿ ಕೊಳವೆ ಇಟ್ಟ ತಕ್ಷಣ ಹಳೆಯ ನೆನಪು ಜೋರಾಗಿ ಬಂದು ನಿಜವಾದ ಸಿಗರೇಟೇ ಬೇಕು ಅನ್ನಿಸುತ್ತದೆ. ಅಂಥವರಿಗೆ ಮೂಗಿನ ಕಡ್ಡಿಯೇ ವಾಸಿ. ಕೈಗೆ ಹಿಡಿಯಲು ಏನೋ ಸಿಕ್ಕಿತು, ಆದರೆ ಹಳೆಯ ಭಂಗಿ ಮರುಕಳಿಸಲಿಲ್ಲ.

ಬಾಯಿಯದು ಆರಿಸುವುದಾದರೆ ಎಳೆಯುವಾಗಿನ ಬಿಗಿ ನೋಡಿ. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಇನ್‌ಹೇಲರ್ ಡ್ರಾಯರ್ ಸೇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸಿಗರೇಟು ಎಳೆಯುವಾಗ ಸ್ವಲ್ಪ ಬಿಗಿ ಇರುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ. ಗಾಳಿ ಸರಾಗವಾಗಿ ಬಂದುಬಿಟ್ಟರೆ ಕೊಳವೆ ಊದಿದಷ್ಟೇ ಖುಷಿ. ದೊಡ್ಡ ಮೋಡ ಬಿಡುವ ವೇಪ್ ಸೇದುತ್ತಿದ್ದವರಿಗೆ ಸಡಿಲವಾದದ್ದೇ ರೂಢಿ, ಬಿಗಿಯಾದರೆ ಉಸಿರು ಕಟ್ಟಿದಂತಾಗುತ್ತದೆ. ಗಾಳಿಯ ತೂತನ್ನು ಹಿರಿದು ಕಿರಿದು ಮಾಡಿಕೊಳ್ಳಲು ಬರುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ತೂಕವೂ ಮುಖ್ಯ. ತುಂಬ ಹಗುರವಾದ ಪ್ಲಾಸ್ಟಿಕ್ ಕೈಯಲ್ಲಿ ಇದ್ದೂ ಇಲ್ಲದಂತೆ. ಬೆರಳಿಗೆ ಸ್ವಲ್ಪ ಭಾರ ತಾಗಬೇಕು, ತಿರುಗಿಸಲು, ತೆಗೆದು ಹಾಕಲು ಏನಾದರೂ ಇರಬೇಕು. ಲೈಟರಿನ ಮುಚ್ಚಳ ಟಕ್ ಟಕ್ ಅನ್ನಿಸುತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

ಯಾವ ಪರಿಮಳ?

ನಿಮಗೆ ಇಷ್ಟವಾದದ್ದು. ಆದರೆ ನೀವು ಸೇದುತ್ತಿದ್ದದ್ದು ಅಲ್ಲ. ಮೆಂಥಾಲ್ ಸಿಗರೇಟು ಸೇದುತ್ತಿದ್ದವರು ಪುದೀನ ಬಿಟ್ಟು ಬೇರೆ ಆರಿಸುವುದು ಒಳ್ಳೆಯದು, ಮಾವಿನ ಹಣ್ಣಿನ ಫ್ಲೇವರಿನ ವೇಪ್ ಎಳೆಯುತ್ತಿದ್ದವರು ಸಿಹಿ ಹಣ್ಣಿನ ಪರಿಮಳ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವಾಸನೆಗೂ ನೆನಪಿಗೂ ನಂಟು ಹತ್ತಿರದ್ದು. ಹಳೆಯ ವಾಸನೆ ಹಳೆಯ ಬಾಗಿಲನ್ನೇ ತೆರೆಯುತ್ತದೆ.

ಗಂಟಲಿಗೆ "ಕಿಕ್" ಬೇಕು ಅನ್ನುವವರಿಗೆ ಕರಿಮೆಣಸು ಒಳ್ಳೆಯ ಆರಂಭ. ಪುದೀನದ ಮೆಂಥಾಲ್ ಮಾಡುವುದು ಇನ್ನೊಂದು ಕೆಲಸ. ನಮ್ಮ ನರಗಳಲ್ಲಿ ತಂಪನ್ನು ಗುರುತಿಸುವ ಒಂದು ಗ್ರಾಹಕವಿದೆ, ಮೆಂಥಾಲ್ ಅದನ್ನು ಎಚ್ಚರಿಸುತ್ತದೆ. ಗಾಳಿ ತಂಪಾಗದಿದ್ದರೂ ತಂಪು ಅನ್ನಿಸುತ್ತದೆ, ಉಸಿರು ತಾಗಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಕಿತ್ತಳೆ, ನಿಂಬೆ ಹಗುರ, ಮೂಗಿಗೆ ಬೇಗ ಹಿತ. ಚಕ್ಕೆ ಮತ್ತು ಲವಂಗದ ಎಣ್ಣೆ ಮಾತ್ರ ಬಾಯಿ, ಗಂಟಲಿನ ಒಳಪದರವನ್ನು ಕೆರಳಿಸುವಂಥವು. ಚಕ್ಕೆಯ ಪರಿಮಳಕ್ಕೆ ಕಾರಣವಾದ ಸಿನ್ನಮಾಲ್ಡಿಹೈಡ್, ಶ್ವಾಸನಾಳದ ಕಸ ಗುಡಿಸುವ ಸಣ್ಣ ಸಣ್ಣ ರೋಮಗಳ ಚಲನೆಗೇ ಅಡ್ಡಿಮಾಡುತ್ತದೆ ಅಂತ ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡಿದೆ. ಸಿಗರೇಟು ಬಿಟ್ಟ ಮೇಲೆ ಚೇತರಿಸಿಕೊಳ್ಳಬೇಕಾದ ರೋಮಗಳೇ ಅವು. ಹಾಗಾಗಿ ಇವೆರಡು ನನ್ನ ಪಟ್ಟಿಯಲ್ಲಿಲ್ಲ.

ಒಮ್ಮೆಲೇ ಒಂದೇ ಪರಿಮಳದ ದೊಡ್ಡ ಪ್ಯಾಕ್ ತರಬೇಡಿ. ಸೇದುವವರ ಮೂಗು ಮಂಕಾಗಿರುತ್ತದೆ. ಬಿಟ್ಟ ಕೆಲವು ದಿನಗಳಲ್ಲೇ ಅದು ಚುರುಕಾಗತೊಡಗುತ್ತದೆ. ಮೊದಲ ವಾರ "ಏನೂ ವಾಸನೆಯೇ ಇಲ್ಲವಲ್ಲ" ಅಂತ ಖಾರದ್ದು ತಂದವರಿಗೆ ನಾಲ್ಕನೇ ವಾರ ಅದೇ ಬತ್ತಿ ತಲೆನೋವು ತರಬಹುದು. ನನಗೂ ಹಾಗೇ ಆಯಿತು. ಮೆಣಸಿನ ಬತ್ತಿ ಕೆಟ್ಟಿದೆ ಅಂದುಕೊಂಡೆ. ಬತ್ತಿ ಸರಿಯಾಗೇ ಇತ್ತು. ವರ್ಷಗಳ ನಂತರ ನನ್ನ ಮೂಗು ಎದ್ದು ಕೂತಿತ್ತು. ಅವತ್ತು ಆದ ಸಂತೋಷ ಇನ್ನೂ ನೆನಪಿದೆ.

ಕಿತ್ತಳೆ ಎಣ್ಣೆ ಮತ್ತು ಥರ್ಮೋಕೋಲ್

ಕಿತ್ತಳೆ ಎಣ್ಣೆಯ ಒಂದು ಹನಿಯನ್ನು ಥರ್ಮೋಕೋಲ್ ತುಂಡಿನ ಮೇಲೆ ಹಾಕಿ ನೋಡಿ. ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ. ಕಿತ್ತಳೆ ಸಿಪ್ಪೆಯ ಲಿಮೋನೀನ್ ಅನ್ನುವ ಅಂಶ, ಥರ್ಮೋಕೋಲ್ ಮಾಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಎಲ್ಲ ಪ್ಲಾಸ್ಟಿಕ್ಕೂ ಹೀಗಲ್ಲ, ಪಾಲಿಪ್ರೊಪಿಲೀನ್ ಇದಕ್ಕಿಂತ ಗಟ್ಟಿ. ಆದರೆ ಯಾವ ಪ್ಲಾಸ್ಟಿಕ್ ಅಂತಲೇ ಬರೆಯದ ಅಗ್ಗದ ಕೊಳವೆಯನ್ನು ದಿನಕ್ಕೆ ನೂರು ಸಲ ಬಾಯಿಗಿಡಬೇಕೇ? ಸ್ಟೀಲು, ಗಾಜು ಒಳ್ಳೆಯದು. ಮರವಾದರೆ ತುಟಿ ತಾಗುವ ಕಡೆ ಹೊಳಪಿನ ವಾರ್ನಿಷ್ ಇದೆಯೇ ಅಂತ ನೋಡಿ, ಇದ್ದರೆ ಬೇಡ.

ಲೇಬಲ್ ಓದುವಾಗ "100% ನೈಸರ್ಗಿಕ" ಅನ್ನುವ ಮಾತಿಗೆ ಮರುಳಾಗಬೇಡಿ. ತಂಬಾಕೂ ನೈಸರ್ಗಿಕವೇ ಅಲ್ವಾ? "ಥೆರಪ್ಯೂಟಿಕ್ ಗ್ರೇಡ್" ಅನ್ನುವುದೂ ಮಾರಾಟದ ಮಾತು, ಅಧಿಕೃತವಾಗಿ ಅಂಥದ್ದೊಂದು ದರ್ಜೆಯೇ ಇಲ್ಲ. ಒಳಗೆ ಇರುವ ಪ್ರತಿಯೊಂದು ಪದಾರ್ಥದ ಹೆಸರು, ಎಣ್ಣೆ ಯಾವ ಗಿಡದ್ದು, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಇರಬೇಕು. ಬರೀ "ಫ್ರೇಗ್ರೆನ್ಸ್" ಅಂತ ಒಂದೇ ಪದ ಇದ್ದರೆ ಅದರೊಳಗೆ ಏನು ಬೇಕಾದರೂ ಇರಬಹುದು. ದಿನಾಂಕ ಯಾಕೆ ಬೇಕು ಅಂದರೆ, ಕಿತ್ತಳೆ ನಿಂಬೆಯಂಥ ಎಣ್ಣೆಗಳು ಗಾಳಿ ಬೆಳಕಿಗೆ ಹಳಸುತ್ತವೆ, ಹಳಸಿದ್ದು ಅಲರ್ಜಿ ತರುವುದು ಜಾಸ್ತಿ.

ಎಳೆಯುವ ಕ್ರಮ

ಆಸೆ ಬಂದಾಗ ಇನ್‌ಹೇಲರ್ ತೆಗೆಯಿರಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಎಳೆಯಿರಿ, ಆರು ಎಣಿಸುತ್ತಾ ಬಿಡಿ. ದಮ್ಮು ಕಟ್ಟಿ ಹಿಡಿಯುವ ಅಗತ್ಯವಿಲ್ಲ. ಎಂಟು ಹತ್ತು ಸಲ ಸಾಕು. ಮುಚ್ಚಳ ಹಾಕಿ ಜೇಬಿಗಿಡಿ. ಬೇಗ ಬೇಗ ಎಳೆದರೆ ತಲೆ ಹಗುರಾಗಿ ಬೆರಳು ಜುಮ್ಮೆನ್ನುತ್ತದೆ. ಅದು ಪರಿಮಳದ ಮಹಿಮೆ ಅಲ್ಲ, ಉಸಿರಾಟ ಅತಿಯಾದದ್ದು. ನಿಲ್ಲಿಸಿ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ.

ನಿಧಾನದ ಉಸಿರಿಗೇ ಅರ್ಧ ಶ್ರೇಯಸ್ಸು ಸಲ್ಲಬೇಕು. 2004ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಸಿಗರೇಟು ಇಲ್ಲದೆ ನಾಲ್ಕು ಗಂಟೆ ಕಳೆದ ಜನರಿಗೆ ಅರ್ಧ ಗಂಟೆಗೊಮ್ಮೆ ಆಳವಾಗಿ ಉಸಿರಾಡಲು ಹೇಳಿದ್ದರು. ಅಷ್ಟರಿಂದಲೇ ತುಡಿತ, ಸಿಡುಕು ತಗ್ಗಿತು. ಸೇದುವವರು ದಿನಕ್ಕೆ ಹಲವು ಸಲ ಕೆಲಸ ಬಿಟ್ಟು ಹೊರಗೆ ಬಂದು ಉದ್ದುದ್ದ ಉಸಿರು ಎಳೆಯುತ್ತಿದ್ದರಲ್ಲ, ಆ ಬಿಡುವಿನ ನೆಮ್ಮದಿಯಲ್ಲಿ ಸ್ವಲ್ಪ ಭಾಗ ಉಸಿರಿನದೇ ಆಗಿತ್ತು. ಇನ್‌ಹೇಲರ್ ಹಿಡಿದು ಹೊರಗೆ ಹೋಗಿ. ಜಾಗ ಮಾತ್ರ ಬದಲಿಸಿ, ಸೇದುವವರ ಗುಂಪಿನ ಪಕ್ಕ ನಿಲ್ಲಬೇಡಿ.

ಸಿಗರೇಟಿಗೆ ಒಂದು ಕೊನೆ ಇದೆ, ಉರಿದು ಮುಗಿಯುತ್ತದೆ. ವೇಪ್‌ಗೆ ಕೊನೆಯಿಲ್ಲ. ಇನ್‌ಹೇಲರ್‌ಗೂ ಇಲ್ಲ. ವೇಪ್ ಬಿಡುವವರು ಇದನ್ನು ಹೆಚ್ಚು ಗಮನಿಸಬೇಕು, ಕೆಲಸ ಮಾಡುತ್ತಾ, ಸಿನಿಮಾ ನೋಡುತ್ತಾ ಎಳೆಯುತ್ತಲೇ ಇರುವ ರೂಢಿ ಅವರದು. ಅದಕ್ಕೇ ಹತ್ತು ಸಲ ಅಂತ ಲೆಕ್ಕ ಇಟ್ಟುಕೊಳ್ಳುವುದು. ಹೇಗೂ ಮೂಗು ಕೆಲವು ನಿಮಿಷದಲ್ಲಿ ಆ ಪರಿಮಳಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಎಳೆದರೂ ಸಿಗುವುದು ಕಡಿಮೆ.

ಇನ್ನೊಂದು ಮಾತು, ಸಿಗರೇಟಿನವರಿಗೆ. ಸಿಗರೇಟಿನ ಹೊಗೆ ದೇಹದಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡಿರುತ್ತದೆ. ಹೊಗೆ ನಿಂತ ಮೇಲೆ ಅದೇ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಇದನ್ನು ಸಿಗರೇಟಿನ ಆಸೆ ಅಂತ ತಪ್ಪು ತಿಳಿದು ಇನ್‌ಹೇಲರ್ ಎಳೆದರೆ ಏನೂ ಆಗುವುದಿಲ್ಲ. ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ.

ಯಾರು ದೂರ ಇರಬೇಕು

ಆಸ್ತಮಾ ಇರುವವರಿಗೆ ಗಾಢ ಪರಿಮಳವೇ ಉಸಿರು ಹಿಡಿಸಬಹುದು. ಆಸ್ತಮಾ ಅಥವಾ ಬೇರೆ ಶ್ವಾಸಕೋಶದ ಕಾಯಿಲೆ, ಮೂರ್ಛೆರೋಗ, ಮೈಗ್ರೇನ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಅವರು ಸಾದಾ ಗಾಳಿಯ ಖಾಲಿ ಕೊಳವೆಯನ್ನು ಬಳಸಬಹುದು, ಕೈಗೆ ಅದೂ ಆಸರೆಯೇ. ಕೆಮ್ಮು, ಎದೆ ಬಿಗಿತ, ಗಂಟಲು ಉರಿ, ತುಟಿಯಲ್ಲಿ ಗುಳ್ಳೆ, ಯಾವುದು ಕಂಡರೂ ಅವತ್ತೇ ನಿಲ್ಲಿಸಿ.

ಪುಟ್ಟ ಮಕ್ಕಳ ಕೈಗೆ ಇದು ಸಿಗಲೇಬಾರದು. ಕರ್ಪೂರ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು, ನೀಲಗಿರಿ ಎಣ್ಣೆಯೂ ವಿಷ. ಕೂಸುಗಳ ಮೂಗಿನ ಹತ್ತಿರ ಮೆಂಥಾಲ್ ಹಿಡಿದರೆ ಉಸಿರೇ ನಿಲ್ಲುವ ಅಪಾಯವಿದೆ. ಮನೆಯಲ್ಲಿ ಬೆಕ್ಕು ಇದ್ದರೂ ಎಣ್ಣೆಯ ಬಾಟಲಿ ಮತ್ತು ಬಳಸಿದ ಬತ್ತಿಯನ್ನು ಮುಚ್ಚಿಡಿ, ಬೆಕ್ಕಿನ ಯಕೃತ್ತಿಗೆ ಇಂಥ ಎಣ್ಣೆಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ.

ಬಾಯಿಯ ತುದಿಯನ್ನು ದಿನವೂ ಬಿಸಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಒಳಗೆ ಉಸಿರಿನ ತೇವ ಕೂತರೆ ಬೂಷ್ಟು ಹಿಡಿಯುತ್ತದೆ. ಬತ್ತಿಯನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಿ. ಇನ್ನೊಬ್ಬರಿಗೆ ಒಂದು ದಮ್ಮು ಕೊಡಬೇಡಿ.

ಕೊನೆಗೆ ಇನ್‌ಹೇಲರ್ ಬಿಡುವುದು ಹೇಗೆ ಅಂತ ಕೇಳುವವರಿದ್ದಾರೆ. ನಾನು ಮಾಡಿದ್ದು ಇಷ್ಟು: ಮೂರನೇ ತಿಂಗಳಿಗೆ ಬತ್ತಿ ಬದಲಿಸುವುದನ್ನು ನಿಲ್ಲಿಸಿದೆ. ಪರಿಮಳ ತಾನಾಗಿ ಮಾಸಿತು. ಎರಡು ವಾರ ಬರೀ ಗಾಳಿ ಎಳೆದೆ. ಆಮೇಲೆ ಒಂದು ದಿನ ಅದನ್ನು ಮನೆಯಲ್ಲೇ ಮರೆತು ಹೊರಗೆ ಹೋಗಿದ್ದೆ. ಸಂಜೆ ವಾಪಸು ಬಂದು ಮೇಜಿನ ಮೇಲೆ ಅದನ್ನು ನೋಡಿದಾಗಲೇ ಗೊತ್ತಾಗಿದ್ದು, ಕೈ ಇವತ್ತು ಒಂದು ಸಲವೂ ಜೇಬಿಗೆ ಹೋಗಿರಲಿಲ್ಲ.